ನಾಲ್ಕು ದಪ್ಪ ತಂತಿಗಳ ಸ್ನಾನ

ಬೇಸ್ ಗಿಟಾರಿನ ನಾಲ್ಕು ತಂತಿಗಳ ಒಂದು ಸೆಟ್ಟು ಕೊಳ್ಳಬೇಕಾದರೆ ನಾವು ಮುನ್ನೂರು ಬನ್ನು ಮಾರಬೇಕು. ಮಾಮೂಲಿ ಗಿಟಾರಿಗೆ ತಂತಿ ಆರು, ಆ ಆರೂ ಎಂಬತ್ತು ಬನ್ನಿಗೆ ಬಂದುಬಿಡುತ್ತವೆ. ತಂತಿ ಕಡಿಮೆಯಾದಂತೆ ಬೆಲೆ ಏರುವ ಈ ಲೆಕ್ಕವನ್ನು ವಾದ್ಯದ ಅಂಗಡಿಯವನು ಎಷ್ಟು ಬಿಡಿಸಿ ಹೇಳಿದರೂ ನನ್ನ ತಲೆಗೆ ಹತ್ತಲಿಲ್ಲ.

"ದಪ್ಪ ಇರತ್ತಲ್ಲಮ್ಮಾ, ತಂತಿ ಮೇಲೆ ತಂತಿ ಸುತ್ತಿರ್ತಾರೆ," ಎಂದ.

"ನಾವು ಬ್ರೆಡ್ಡನ್ನ ದಪ್ಪಗೆ ಕೊಯ್ದು ಕೊಟ್ರೂ ಅದೇ ಬೆಲೆ, ತೆಳ್ಳಗೆ ಕೊಯ್ದು ಕೊಟ್ರೂ ಅದೇ ಬೆಲೆ," ಎಂದೆ.

ಅವನು ಬೇರೆ ಗಿರಾಕಿಯ ಕಡೆ ತಿರುಗಿಕೊಂಡ. ಅಂಗಡಿಯಲ್ಲಿ ಬೇರೆ ಗಿರಾಕಿ ಇರಲಿಲ್ಲ.

ಇನ್ನೊಂದು ಲೆಕ್ಕವೂ ಇದೆ. ಒಂದು ಸಣ್ಣ ಬಾಟಲಿ ಸ್ಪಿರಿಟ್ಟು, ಒಂದು ಹಲ್ಲುಜ್ಜುವ ಬ್ರಷ್ಷು, ಪಾತ್ರೆ ಸೋಪಿನ ನಾಲ್ಕು ಹನಿ, ನೀರು ಕುದಿಯುವಷ್ಟು ಗ್ಯಾಸು. ಎಲ್ಲ ಸೇರಿ ಆರು ಬನ್ನು. ಮುನ್ನೂರು ಬನ್ನು ಉಳಿಸಲು ಆರು ಬನ್ನು ಖರ್ಚು ಮಾಡಿದ್ದರಿಂದ ನಮ್ಮ ಮನೆಯಲ್ಲಿ ಏನೇನಾಯಿತು ಎಂಬುದನ್ನು ಹೇಳುತ್ತೇನೆ.

ನನ್ನ ಗಂಡ ಬೇಕರಿ ನಡೆಸುತ್ತಾರೆ ಎಂದು ಜನ ಹೇಳುತ್ತಾರೆ. ಅವರು ಹಿಟ್ಟು ನಾದುತ್ತಾರೆ, ಬೇಯಿಸುತ್ತಾರೆ. ಗಲ್ಲಾದ ಹಿಂದೆ ಕೂತು ಬೇಕರಿ ನಡೆಸುವವಳು ನಾನು. ವಾರವಿಡೀ ಅವರು ಒಲೆಯ ಬಾಯಿಗೆ ಮುಖ ಕೊಟ್ಟು ನಿಂತಿರುವುದರಿಂದ ಗಿರಾಕಿಗಳಿಗೆ ಪರಿಚಯವಿರುವುದು ಅವರ ಬೆನ್ನು ಮಾತ್ರ. ಶನಿವಾರ ಸಂಜೆ ಆ ಬೆನ್ನು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಗಿಟಾರು ಹೊತ್ತು, ಎರಡು ಬೀದಿ ಆಚೆಗಿರುವ ಸಭಾಭವನಕ್ಕೆ ಹೋಗುತ್ತದೆ. ಅಲ್ಲಿ ವಯಸ್ಸಾದ ಗಂಡಹೆಂಡಿರು ಜೋಡಿಯಾಗಿ ಕುಣಿಯುತ್ತಾರೆ. ವೇದಿಕೆಯ ಎಡಮೂಲೆಯಲ್ಲಿ ಒಂದು ಮರದ ಕುರ್ಚಿ. ಅದರ ಮೇಲೆ ಕೂತು ನನ್ನ ಗಂಡ ಬೇಸ್ ಬಾರಿಸುತ್ತಾರೆ. ಆ ಎರಡು ಗಂಟೆ ಅವರ ಮುಖ ಜನರ ಕಡೆಗಿರುತ್ತದೆ. ಆ ಕುರ್ಚಿಯ ಮೇಲೆ ಕೂತ ಮುಖವನ್ನು ನೋಡಿದವರಿಗೆ ಅವರು ವಾರವಿಡೀ ಯಾಕೆ ಗೊಣಗದೆ ದುಡಿಯುತ್ತಾರೆ ಎಂದು ತಿಳಿಯುತ್ತದೆ.

ವಾದ್ಯವೃಂದದಲ್ಲಿ ನಾಲ್ಕು ಜನ. ಮುಖ್ಯಸ್ಥರು ಸ್ಯಾಕ್ಸೊಫೋನ್ ಊದುವವರು. ಮೂವತ್ತು ವರ್ಷ ಟ್ರಾಫಿಕ್ ಪೊಲೀಸರಾಗಿ ಸೀಟಿ ಊದಿ ನಿವೃತ್ತರಾದವರು. ಊರೆಲ್ಲ ಅವರನ್ನು ಸೀಟಿ ಸಾಹೇಬರು ಎಂದೇ ಕರೆಯುತ್ತದೆ. ಕೀಬೋರ್ಡು ನುಡಿಸುವವರು ದಂತವೈದ್ಯರು. ಡ್ರಮ್ಸ್ ಬಾರಿಸುವವನು ಸೀಟಿ ಸಾಹೇಬರ ಹೆಂಡತಿಯ ತಮ್ಮ, ಹಾಗಾಗಿ ಅವನು ಹೇಗೆ ಬಾರಿಸುತ್ತಾನೆ ಎಂಬ ಮಾತನ್ನು ಯಾರೂ ಎತ್ತುವುದಿಲ್ಲ. ನಾಲ್ಕನೆಯವರು ನಮ್ಮವರು.

ಅವರ ಗಿಟಾರಿನ ತಂತಿಗಳಿಗೆ ಹನ್ನೊಂದು ವರ್ಷದಿಂದ ಬಟ್ಟೆ ಕೂಡ ತಾಗಿರಲಿಲ್ಲ. ಹಿಟ್ಟು ನಾದಿದ ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡು ಸೀದಾ ಬಾರಿಸಲು ಕೂರುತ್ತಿದ್ದರು. ಬೆಣ್ಣೆ, ಸಕ್ಕರೆ, ಮೈದಾ, ಬೆವರು ಎಲ್ಲ ಸುತ್ತುತಂತಿಯ ಸಂದುಗಳಲ್ಲಿ ಇಳಿದು ಗಟ್ಟಿಯಾಗಿ ಕೂತಿದ್ದವು. ನಾನು ಒಮ್ಮೆ ಒದ್ದೆ ಬಟ್ಟೆ ಹಿಡಿದು ಹತ್ತಿರ ಹೋಗಿದ್ದಕ್ಕೆ ಹಾವು ಮೆಟ್ಟಿದವರಂತೆ ಹಾರಿ ಬಿದ್ದರು.

"ಮುಟ್ಟಬೇಡ ಕಣೇ! ನಾದ ಇರೋದೇ ಆ ಕೊಳೇಲಿ."

ಸಂಗೀತದ ವಿಷಯ, ನಮಗೇನು ಗೊತ್ತಾಗುತ್ತೆ ಎಂದು ಸುಮ್ಮನಾದೆ. ಆ ನಾದ ಹೇಗಿತ್ತೆಂದರೆ, ಪಕ್ಕದ ಮನೆಯಲ್ಲಿ ಯಾರೋ ಹಾಸಿಗೆ ಕೊಡವಿದ ಹಾಗೆ. ಧಪ್, ಧಪ್.

ಒಂದು ಸೋಮವಾರ ಬೆಳಿಗ್ಗೆ ಸೀಟಿ ಸಾಹೇಬರು ಬ್ರೆಡ್ಡು ಕೊಳ್ಳಲು ಬಂದರು. ಕೊಂಡಾದ ಮೇಲೂ ಹೊರಡಲಿಲ್ಲ. ಬಿಸ್ಕತ್ತಿನ ಗಾಜಿನ ಡಬ್ಬಿಗಳನ್ನು ಒಂದೊಂದಾಗಿ ಎಣಿಸುವವರಂತೆ ನೋಡುತ್ತ ನಿಂತರು.

"ಬೇಕರಿಯವರೇ, ಬೇಜಾರ್ ಮಾಡ್ಕೋಬೇಡಿ," ಎಂದು ಒಳಗಿನ ಬೆನ್ನಿಗೆ ಹೇಳಿದರು. "ಹಾಲ್‌ನೋರು ಕಾಫಿ ಮೆಶಿನ್ ತರಿಸ್ತಿದಾರಂತೆ. ಇಡೋಕೆ ಜಾಗ ಇಲ್ಲ. ನಿಮ್ಮ ಕುರ್ಚಿ ಇರೋ ಮೂಲೇಲಿ ಪ್ಲಗ್ ಪಾಯಿಂಟ್ ಇದೆಯಲ್ಲ..."

ಬೆನ್ನು ನಿಂತುಹೋಯಿತು.

"ಡಾಕ್ಟ್ರ ಎಡಗೈ ಹೆಂಗೂ ಖಾಲೀನೇ ಇರತ್ತೆ. ಬೇಸ್ ಅದ್ರಲ್ಲೇ ಬಾರಿಸ್ಕೋತೀನಿ ಅಂತಿದಾರೆ."

"ಹನ್ನೊಂದು ವರ್ಷ ಬಾರಿಸಿದೀನಿ ಸಾಹೇಬ್ರೇ," ಎಂದರು ನನ್ನ ಗಂಡ, ತಿರುಗದೆ.

"ಬಾರಿಸಿದೀರಿ. ಇಲ್ಲ ಅಂದೋರ್ಯಾರು? ಆದ್ರೆ ಕೇಳಿಸೋದೇ ಇಲ್ವಲ್ಲ! ಹೋದ ಶನಿವಾರ ನೀವು ನೀರು ಕುಡಿಯೋಕೆ ಅಂತ ಹೋಗಿ ಎರಡು ಹಾಡು ಕಳೆದು ಬಂದ್ರಿ. ಯಾರಿಗೂ ಗೊತ್ತಾಗ್ಲಿಲ್ಲ. ನನಗೂ ಗೊತ್ತಾಗ್ಲಿಲ್ಲ, ಮೆಟ್ಟಿಲ ಹತ್ರ ಮೇಲೆ ಬರ್ತಿದ್ದಾಗ ನೋಡ್ದೆ." ಅವರು ಬ್ರೆಡ್ಡಿನ ಪೊಟ್ಟಣವನ್ನು ಆ ಕೈಯಿಂದ ಈ ಕೈಗೆ ಬದಲಿಸಿಕೊಂಡರು. "ಈ ಶನಿವಾರ ಕಿವಿ ಕೊಟ್ಟು ಕೇಳ್ತೀನಿ. ನೀವು ಇದೀರಿ ಅಂತ ಗೊತ್ತಾದ್ರೆ ಕಾಫಿ ಮೆಶಿನ್ ಬಾಗಿಲ ಹತ್ರ ಹೋಗತ್ತೆ. ಇಲ್ಲಾಂದ್ರೆ ಇಲ್ಲ."

ಅವತ್ತು ಹಿಟ್ಟು ತಿಂದ ಗುದ್ದುಗಳಿಗೆ ಲೆಕ್ಕವಿಲ್ಲ. ಬನ್ನುಗಳು ಹತ್ತಿಯಂತೆ ಉಬ್ಬಿ ಬಂದವು, ಮಧ್ಯಾಹ್ನಕ್ಕೆಲ್ಲ ಖಾಲಿಯಾದವು. ಬೇಕರಿಗೆ ಒಳ್ಳೆಯ ದಿನವೇ. ಆದರೆ ಊಟಕ್ಕೆ ಕೂತ ಮನುಷ್ಯ ತಟ್ಟೆಯನ್ನೇ ನೋಡುತ್ತ, "ಕಾಫಿ ಮೆಶಿನ್ನು," ಎಂದು ಒಂದು ಸಲ ಹೇಳಿ ಕೈ ತೊಳೆದುಬಿಟ್ಟರು.

ಇದನ್ನೆಲ್ಲ ನೋಡಿದವಳು ನಮ್ಮ ಸೊಸೆ. ಮಗ ಅಂಗಡಿಯ ವ್ಯಾನು ಓಡಿಸುತ್ತಾನೆ. ಅವನ ಹೆಂಡತಿ ಆಸ್ಪತ್ರೆಯಲ್ಲಿ, ಆಪರೇಷನ್ನಿನ ಕತ್ತರಿ ಚಿಮಟಗಳನ್ನು ತೊಳೆದು, ಕುದಿಸಿ, ಒಣಗಿಸಿ ಕೊಡುವ ವಿಭಾಗದಲ್ಲಿ ಕೆಲಸ ಮಾಡುತ್ತಾಳೆ. ಅವಳು ಈ ಮನೆಗೆ ಬಂದ ಮೊದಲ ತಿಂಗಳಲ್ಲೇ, ನಾನು ಇಷ್ಟು ವರ್ಷ ಕಪ್ಪು ಎಂದುಕೊಂಡಿದ್ದ ಕೇಕಿನ ಅಚ್ಚುಗಳು ಅಸಲಿಗೆ ಬಿಳಿಯವು ಎಂದು ಗೊತ್ತಾಯಿತು. ಒಳ್ಳೆಯ ಹುಡುಗಿ. ಆದರೆ ಅವಳ ಮುಂದೆ ಕೆಮ್ಮಲು ಮನೆಯವರೆಲ್ಲ ಸ್ವಲ್ಪ ಹೆದರುತ್ತಿದ್ದೆವು.

"ಅತ್ತೆ," ಎಂದಳು ಬುಧವಾರ ಮಧ್ಯಾಹ್ನ, ದನಿ ತಗ್ಗಿಸಿ. "ಮಾವಂದು ಕೇಳಿಸ್ತಿಲ್ಲ ಅಂದ್ರೆ ಕೊಳೇನೇ ಕಾರಣ. ಸುತ್ತಿರೋ ತಂತಿ ಒಳಗೆ ಜಿಡ್ಡು ತುಂಬಿದ್ರೆ ಅದು ಅದುರೋದಾದ್ರೂ ಹೇಗೆ?"

"ಹೊಸದು ಕೊಳ್ಳೋಣ ಅಂತ ಹೋಗಿದ್ದೆ ಕಣಮ್ಮ. ಮುನ್ನೂರು ಬನ್ನು. ಶನಿವಾರ ಕುರ್ಚಿ ಹೋದ್ರೆ ಮುನ್ನೂರು ಬನ್ನು ಗೋಡೆಗೆ ನೇತಾಡ್ತಿರತ್ತೆ."

"ಕೊಳ್ಳೋದು ಬೇಡ. ಕುದಿಸೋಣ."

ನನ್ನ ಗಂಡ ನಸುಕಿಗೆ ಮೊದಲೇ ಏಳುವವರು, ಮಧ್ಯಾಹ್ನ ಮಲಗಿದರೆ ಮನೆ ಉರುಳಿದರೂ ಏಳುವುದಿಲ್ಲ. ಸೊಸೆ ಗಿಟಾರನ್ನು ಅಡುಗೆಮನೆಯ ಮೇಜಿನ ಮೇಲೆ ಅಂಗಾತ ಮಲಗಿಸಿದಳು, ತಲೆಗೆ ಟವೆಲ್ಲಿನ ದಿಂಬು ಕೊಟ್ಟಳು. ಬಿರಡೆಗಳನ್ನು ತಿರುವಿ ತಂತಿಗಳನ್ನು ಸಡಿಲಿಸಿ, ಬಿಡಿಸಿ, ಒಂದೊಂದನ್ನೂ ಬಳೆಯಂತೆ ಸುತ್ತಿ, ಆಸ್ಪತ್ರೆಯ ಪಟ್ಟಿ ಅಂಟಿಸಿ ಒಂದು, ಎರಡು ಎಂದು ಬರೆದಳು. ಕೈಗೆ ಗ್ಲೌಸು, ಮುಖಕ್ಕೆ ಮಾಸ್ಕು. ನಾನು ಪಕ್ಕದಲ್ಲಿ ನಿಂತು ಕೇಳಿದ್ದನ್ನು ಕೊಡುತ್ತಿದ್ದೆ. ರೋಗಿಗೆ ಎಚ್ಚರವಾದೀತೆಂಬ ಭಯ ಇಬ್ಬರಿಗೂ.

ಮೊದಲು ಸ್ಪಿರಿಟ್ಟಿನಲ್ಲಿ ನೆನೆಸಿದಳು, ಬ್ರಷ್ಷಿನಲ್ಲಿ ಉಜ್ಜಿದಳು, ಆಮೇಲೆ ನಾನು ಮೊಟ್ಟೆ ಬೇಯಿಸುವ ಪಾತ್ರೆಗೆ ನೀರು, ನಾಲ್ಕು ಹನಿ ಸೋಪು ಹಾಕಿ ಕುದಿಯಲು ಬಿಟ್ಟಳು. ಸ್ವಲ್ಪ ಹೊತ್ತಿಗೆ ನೀರು ಕಡುಕಂದಾಯಿತು. ಅಡುಗೆಮನೆಯಲ್ಲಿ ಹಳೆಯ ಕೇಕಿನ ವಾಸನೆ ಎದ್ದಿತು.

"ಇದನ್ನ ಸೋಸಿದ್ರೆ ಒಂದು ಡಜನ್ ಬಿಸ್ಕತ್ತಿಗೆ ಸಾಕಾಗುವಷ್ಟು ಬೆಣ್ಣೆ ಸಿಗತ್ತೆ," ಎಂದೆ.

"ಅತ್ತೆ, ದಯವಿಟ್ಟು ಮಾಡ್ಬೇಡಿ," ಎಂದಳು. ನಾನು ತಮಾಷೆಗೆ ಹೇಳಿದ್ದೆಂದು ಅವಳಿಗೆ ಪೂರ್ತಿ ನಂಬಿಕೆ ಇದ್ದ ಹಾಗಿರಲಿಲ್ಲ.

ಉಜ್ಜುವಾಗ ಅವಳು ಇನ್ನೊಂದು ಮಾತು ಹೇಳಿದ್ದಳು. "ನೋಡಿ ಅತ್ತೆ, ವಿಚಿತ್ರ. ಮೀಟೋ ಜಾಗ ಬಿಟ್ರೆ ಕೊಳೆ ಎಲ್ಲ ಈ ತುದೀಲೇ ಇದೆ. ಗಿಟಾರಿನ ಕತ್ತಿನ ಮೇಲೆ ಬೆರಳಿಡೋಕೆ ಇಪ್ಪತ್ತು ಪಟ್ಟಿ ಇದಾವೆ. ಮೊದಲ ನಾಲ್ಕರ ಹತ್ರ ತಂತಿ ಕರ್‍ರಗಿದೆ, ಅಲ್ಲಿಂದಾಚೆ ಕೊಂಡು ತಂದ ಹಾಗೇ ಇದೆ. ಮಾವ ಆ ಕಡೆ ಹೋಗೇ ಇಲ್ಲ."

ಹೌದಾ ಎಂದೆ. ಗಲ್ಲಾದ ಹಿಂದೆ ಕೂತವರು ನೋಡಿದ್ದನ್ನೆಲ್ಲ ಆಡಬಾರದು.

ಒಣಗಿಸುವ ಕೆಲಸಕ್ಕೆ ಬೇಕರಿಯ ಒಲೆಯೇ ಸಿಕ್ಕಿತು. ಬೆಂಕಿ ಆರಿ ಬರಿ ಬಿಸುಪು ಉಳಿದಿದ್ದ ಒಲೆಯೊಳಗೆ, ಬಿಸ್ಕತ್ತಿನ ತಟ್ಟೆಯಲ್ಲಿಟ್ಟು ನೀರಿನ ಪಸೆ ಉಳಿಯದಂತೆ ಒಣಗಿಸಿದಳು. ಉಳಿದರೆ ತುಕ್ಕು ಹಿಡಿಯುತ್ತದಂತೆ. ಮತ್ತೆ ಏರಿಸಿ, ಬಿಗಿದು, ಫೋನಿನಲ್ಲಿ ನೋಡಿ ಶ್ರುತಿ ಮಾಡಿದಳು. ನನ್ನ ಗಂಡ ಎದ್ದು ಬಂದಾಗ ಗಿಟಾರು ತನ್ನ ಜಾಗದಲ್ಲಿ ಮದುಮಗನಂತೆ ಹೊಳೆಯುತ್ತ ಕೂತಿತ್ತು.

"ಏನಿದು?" ಎಂದರು.

"ಬಾರಿಸಿ ನೋಡಿ ಮಾವ," ಎಂದಳು ಸೊಸೆ. ಅವಳ ಮುಖವೂ ಹೊಳೆಯುತ್ತಿತ್ತು.

ಅವರು ದಪ್ಪ ತಂತಿಯನ್ನು ಒಮ್ಮೆ ಮೀಟಿದರು. ಢಣ್ಣ್ ಎಂದಿತು. ಕಪಾಟಿನ ಲೋಟಗಳೂ ಅದಕ್ಕೆ ದನಿಗೂಡಿಸಿದವು. ಬೀದಿಯಲ್ಲಿ ಹೋಗುತ್ತಿದ್ದವನೊಬ್ಬ ತಿರುಗಿ ನೋಡಿದ.

ನಾನೂ ಸೊಸೆಯೂ ಚಪ್ಪಾಳೆ ತಟ್ಟಿದೆವು. ಅವರು ತಟ್ಟಲಿಲ್ಲ. ಶನಿವಾರದ ಒಂದು ಹಾಡು ಶುರು ಮಾಡಿದರು. ಢಣ್, ಢಣ್, ಢಣ್, ಚೆನ್ನಾಗಿತ್ತು. ಆಮೇಲೆ ಒಂದು ಢೊಂಯ್ ಬಂತು. ಅದು ಆ ಹಾಡಿಗೆ ಸೇರಿದ್ದಲ್ಲ ಎಂದು ನನ್ನಂಥವಳಿಗೂ ತಿಳಿಯಿತು. ಮತ್ತೆ ಎರಡು ಢಣ್, ಮತ್ತೊಂದು ಢೊಂಯ್. ಅವರು ಗಿಟಾರನ್ನು ಗೋಡೆಗೊರಗಿಸಿ ತಲೆ ಮೇಲೆ ಕೈ ಹೊತ್ತು ಕೂತರು.

"ಮಾವ, ಕೇಳಿಸ್ತಿದೆಯಲ್ಲ?" ಎಂದಳು ಸೊಸೆ, ಹೆದರಿ.

"ಅದೇ ತೊಂದರೆ ಕಣಮ್ಮ," ಎಂದರು. "ಕೇಳಿಸ್ತಿದೆ."

ಆಮೇಲೆ ನಿಧಾನವಾಗಿ ಬಾಯಿಬಿಟ್ಟರು. ಹನ್ನೊಂದು ವರ್ಷದ ಹಿಂದೆ ವಾದ್ಯವೃಂದಕ್ಕೆ ಅವಸರದಲ್ಲಿ ಯಾರೋ ಒಬ್ಬರು ಬೇಕಾಗಿದ್ದರು. ಇವರಿಗೆ ಹಾಡುಗಳ ಅರ್ಧ ಬರುತ್ತಿತ್ತು, ಉಳಿದರ್ಧ ಬಾರಿಸುತ್ತ ಬಾರಿಸುತ್ತ ಬರುತ್ತದೆ ಎಂದುಕೊಂಡರು. ಅಷ್ಟರಲ್ಲಿ ತಂತಿಗೆ ಕೊಳೆ ಕೂತಿತು. ಸರಿ ಬಾರಿಸಿದರೂ ಧಪ್, ತಪ್ಪು ಬಾರಿಸಿದರೂ ಧಪ್. ಯಾರೂ ಏನೂ ಅನ್ನಲಿಲ್ಲ, ಕಲಿಯುವ ತುರ್ತೂ ಹೋಯಿತು.

"ಹಾಗಾದ್ರೆ ಕೊಳೇಲಿ ನಾದ ಇದೆ ಅಂದಿದ್ದು?" ಎಂದೆ.

"ನಾದ ಅಲ್ಲ ಕಣೇ. ನನ್ನ ಮಾನ ಇತ್ತು."

ನಗು ತಡೆಯಲಾರದೆ ನಾನು ಒಲೆಯ ಕಡೆ ತಿರುಗಿಕೊಂಡೆ. ಸೊಸೆಗೆ ಮಾತ್ರ ಕಣ್ಣು ತುಂಬಿ ಬಂದಿತ್ತು. ಒಳ್ಳೆಯದು ಮಾಡಲು ಹೋಗಿ ಮಾವನ ಕುರ್ಚಿಗೇ ಸಂಚಕಾರ ತಂದೆ ಎಂದು ಅವಳಿಗೆ.

ಗುರುವಾರ ಅವರು ಒಂದು ನಿರ್ಧಾರಕ್ಕೆ ಬಂದರು. ಕೊಳೆಯನ್ನು ವಾಪಸು ತರಬೇಕು. ಬೆಣ್ಣೆಯ ಡಬ್ಬಿ ತೆಗೆದು, ಬಿಸ್ಕತ್ತಿನ ತಟ್ಟೆಗೆ ಹಚ್ಚುವ ಕುಂಚದಲ್ಲೇ ನಾಲ್ಕೂ ತಂತಿಗೆ ಧಾರಾಳವಾಗಿ ಹಚ್ಚಿದರು. ಮೇಲೆ ಮೈದಾ ಉದುರಿಸಿದರು. ಒಂದು ಚಿಟಿಕೆ ಸಕ್ಕರೆಪುಡಿಯನ್ನೂ ಬಿಡಲಿಲ್ಲ.

"ಅಪ್ಪ, ಒಲೇಲಿ ಇಡೋಣ್ವಾ?" ಎಂದ ಮಗ, ವ್ಯಾನಿನಿಂದ ಇಳಿದು ಬಂದವನು.

"ನಗ್ತೀಯೇನೋ? ಬಾ ಇಲ್ಲಿ, ನಿನ್ನ ಕೈಯಲ್ಲಿ ಗ್ರೀಸಿದೆ. ಉಜ್ಜು."

ಅವನೂ ಉಜ್ಜಿದ. ನಾನೂ ಬನ್ನು ತಿಂದ ಕೈಯಿಂದ ಒಂದೆರಡು ಸಲ ಸವರಿದೆ, ಗಂಡನ ಕಷ್ಟಕ್ಕೆ ಆಗಬೇಕಲ್ಲ. ಸೊಸೆ ಬಾಗಿಲಲ್ಲಿ ನಿಂತು, ಆಪರೇಷನ್ ಮೇಜಿನ ಮೇಲೆ ಯಾರೋ ಊಟಕ್ಕೆ ಕೂತರೆನ್ನುವ ಮುಖ ಮಾಡಿಕೊಂಡು ನೋಡಿದಳು.

ಆದರೆ ಹನ್ನೊಂದು ವರ್ಷದ ಕೊಳೆ ಒಂದು ದಿನದಲ್ಲಿ ಕೂರುತ್ತದೆಯೇ? ಬೆರಳು ಇಡುವುದು ಎರಡನೆಯ ಪಟ್ಟಿಯ ಹತ್ತಿರ, ಜಾರಿ ನಿಲ್ಲುವುದು ಏಳನೆಯದರ ಹತ್ತಿರ. ಅವರು ಹುಟ್ಟಿದಾಗಿನಿಂದ ಹೋಗದ ಕಡೆಗೆಲ್ಲ ಹೋಗಿ ಬಂದರು. ದನಿಯೂ ಕೆಟ್ಟಿತು. ಕೆಟ್ಟರೂ ಕೇಳಿಸುವಷ್ಟು ಉಳಿದಿತ್ತು. ಶುಕ್ರವಾರ ಬೆಳಿಗ್ಗೆ ನೋಡಿದರೆ ಬಾಗಿಲಿಂದ ಗಿಟಾರಿನವರೆಗೆ ಇರುವೆಗಳ ಸಾಲು. ತಂತಿಯ ಮೇಲೆ ಒಂದು ಸಾಲು ಹೋಗುತ್ತಿತ್ತು, ಪಕ್ಕದ ತಂತಿಯ ಮೇಲೆ ಒಂದು ಸಾಲು ಬರುತ್ತಿತ್ತು. ಸೀಟಿ ಸಾಹೇಬರು ಅಲ್ಲಿದ್ದಿದ್ದರೆ ಮೆಚ್ಚಿಕೊಳ್ಳುತ್ತಿದ್ದರು.

ನನ್ನ ಗಂಡ ಆ ಮೆರವಣಿಗೆಯನ್ನು ಬಹಳ ಹೊತ್ತು ನೋಡಿದರು. ಆಮೇಲೆ ಸೊಸೆಯನ್ನು ಕರೆದರು.

"ಕುದಿಸಮ್ಮ," ಎಂದರು. "ಸೋತೆ."

ಎರಡನೆಯ ಸಲ ತಂತಿಗಳು ಪಾತ್ರೆಗಿಳಿದವು. ಈ ಸಲ ಅವರೇ ಮುಂದೆ ಕೂತು ಒಂದೊಂದನ್ನೂ ಉಜ್ಜಿದರು, ಅವಳು ಹೇಳಿಕೊಟ್ಟ ಹಾಗೆ, ಸುತ್ತುತಂತಿಯ ಸಂದು ಓಡುವ ದಿಕ್ಕಿಗೆ ಸರಿಯಾಗಿ. ಉಜ್ಜುತ್ತ, "ನಾಳೆ ನಾನು ಹೋಗಲ್ಲ. ಹುಷಾರಿಲ್ಲ ಅಂತ ಹೇಳಿಬಿಡು," ಎಂದರು.

ಆಗ ನಾನು ಬಾಯಿ ಬಿಡಲೇಬೇಕಾಯಿತು.

"ಏನ್ರೀ, ಗಿರಾಕಿ ಬಂದು ಚಾಕ್ಲೇಟ್ ಕೇಕ್ ಕೇಳ್ತಾನೆ. ನಮ್ಮತ್ರ ಇಲ್ಲ. ನಾನು ಏನ್ಮಾಡ್ತೀನಿ?"

"ಇಲ್ಲ ಅಂತೀಯ."

"ಇಲ್ಲ ಅಂತೀನಿ. ಕಪ್ಪು ಬ್ರೆಡ್ಡನ್ನ ಪೊಟ್ಟಣ ಕಟ್ಟಿ ಇದೇ ಕೇಕು ಅಂತ ಕೊಡ್ತೀನಾ? ನೀವು ಹನ್ನೊಂದು ವರ್ಷದಿಂದ ಅದನ್ನೇ ಮಾಡ್ತಿದೀರಿ. ನಿಮಗೆ ಹಾಡಿನ ಅರ್ಧ ಬರತ್ತೆ ತಾನೇ? ಅಷ್ಟನ್ನೇ ಬಾರಿಸಿ. ಬರದೇ ಇರೋ ಜಾಗದಲ್ಲಿ ಕೈ ಎತ್ತಿ ಸುಮ್ನೆ ಕೂತ್ಕೊಳ್ಳಿ."

"ಸುಮ್ನೆ ಕೂತ್ರೆ ಜನ ಏನಂದಾರು?"

"ನೀರು ಕುಡಿಯೋಕೆ ಹೋದಾಗ ಏನಂದ್ರು?"

ಅವರು ತಂತಿಗಳನ್ನು ಒಣಗಿಸಿ ಮತ್ತೆ ಏರಿಸಿದರು. ಆ ಮಧ್ಯಾಹ್ನ ಮಲಗದೆ ಅಭ್ಯಾಸ ಮಾಡಿದರು. ಗೊತ್ತಿದ್ದಲ್ಲಿ ಢಣ್. ಗೊತ್ತಿಲ್ಲದಲ್ಲಿ, ಸೊಸೆ ಫೋನಿನಲ್ಲಿ ನೋಡಿ ಹೇಳಿದಂತೆ, ಅಂಗೈಯನ್ನು ತಂತಿಗಳ ಮೇಲೆ ಮೆಲ್ಲನೆ ಊರಿ ದನಿಯನ್ನು ಅಡಗಿಸುವುದು. ಇಲ್ಲವಾದರೆ ತೊಳೆದ ತಂತಿ ಹೇಳಿದ್ದನ್ನೇ ಹೇಳುತ್ತ ಕೂರುತ್ತಿತ್ತು. ನಾನು ಗಲ್ಲಾದಿಂದ ಕೇಳುತ್ತ, ತಪ್ಪಿದಾಗೆಲ್ಲ, "ಆ ಕೇಕು ಇಲ್ಲಾ ರೀ!" ಎಂದು ಕೂಗುತ್ತಿದ್ದೆ. ಒಬ್ಬ ಗಿರಾಕಿ ನಿಜವಾಗಿಯೂ ಕೇಕಿಲ್ಲ ಎಂದುಕೊಂಡು ಹೊರಟುಹೋದ.

ಶನಿವಾರ ಸಂಜೆ ಮನೆಮಂದಿಯೆಲ್ಲ ಸಭಾಭವನಕ್ಕೆ ಹೋದೆವು. ಕಾಫಿ ಮೆಶಿನ್ನು ಆಗಲೇ ಬಂದಿತ್ತು. ರಟ್ಟಿನ ಪೆಟ್ಟಿಗೆಯಲ್ಲಿ, ವೇದಿಕೆಯ ಕೆಳಗೆ, ನನ್ನ ಗಂಡನ ಕುರ್ಚಿಯನ್ನೇ ದಿಟ್ಟಿಸುತ್ತ ಕೂತಿತ್ತು. ದಂತವೈದ್ಯರು ಎಡಗೈ ಬೆರಳುಗಳನ್ನು ಒಂದೊಂದಾಗಿ ಲಟಿಕೆ ತೆಗೆಯುತ್ತಿದ್ದರು. ನನ್ನ ಗಂಡ ನಲ್ಲಿಯ ಹತ್ತಿರ ಹೋಗಿ ಸೋಪು ಹಾಕಿ ಕೈ ತೊಳೆದು, ಒರೆಸಿ, ಒಣಗಿದೆಯೇ ಎಂದು ಸೊಸೆಗೆ ತೋರಿಸಿ, ಮೇಲೆ ಹತ್ತಿದರು.

ಮೊದಲ ಹಾಡು ಶುರುವಾಯಿತು. ಢಣ್, ಢಣ್, ಸುಮ್ಮನೆ. ಢಣ್, ಸುಮ್ಮನೆ. ಕುಣಿಯುವವರು ಮೊದಲು ತಬ್ಬಿಬ್ಬಾದರು. ಮುಂದಿನ ಸಾಲಿನ ಅಜ್ಜಿಯೊಬ್ಬರು, ಮೊಣಕಾಲು ನೋವಿನವರು, ಆ ಸುಮ್ಮನಿರುವ ಜಾಗಕ್ಕೆ ಸರಿಯಾಗಿ ಕಾಲು ತಿರುಗಿಸಿಕೊಂಡರು. ಮುಂದಿನ ಢಣ್‌ಗೆ ಹೆಜ್ಜೆ ಇಟ್ಟರು. ಅವರನ್ನು ನೋಡಿ ಪಕ್ಕದ ಜೋಡಿಯೂ ಹಾಗೇ ಮಾಡಿತು. ಸೀಟಿ ಸಾಹೇಬರು ಊದುತ್ತಲೇ ಹುಬ್ಬು ಏರಿಸಿ, ದನಿ ಎಲ್ಲಿಂದ ಬರುತ್ತಿದೆ ಎಂದು ಅತ್ತಿತ್ತ ನೋಡಿದರು.

ಎರಡು ಹಾಡು ಹಾಗೇ ದಾಟಿದವು. ಮೂರನೆಯದು ವೇಗದ ಹಾಡು. ನನ್ನ ಗಂಡನಿಗೆ ಹುಮ್ಮಸ್ಸು ಏರಿತು, ಏರಬಾರದಿತ್ತು. ಕೈ ಎತ್ತಬೇಕಾದ ಕಡೆ ಎತ್ತಲಿಲ್ಲ. ಢೊಂಯ್! ತೊಳೆದ ತಂತಿಯ ತಪ್ಪು ಸಭಾಭವನದ ಗಾಜಿನವರೆಗೂ ಹೋಗಿ ಬಂತು. ಹಾಡು ನಿಂತಿತು.

ಎಲ್ಲರೂ ಕೀಬೋರ್ಡಿನ ಕಡೆ ನೋಡಿದರು. ಬೇಸ್ ಗಿಟಾರಿಗೆ ದನಿಯಿದೆ ಎಂಬುದೇ ಗೊತ್ತಿರದವರು, ಅಷ್ಟು ಹೊತ್ತಿನ ಢಣ್ ಕೂಡ ಡಾಕ್ಟರ ಎಡಗೈಯದೇ ಎಂದುಕೊಂಡಿದ್ದರು.

"ನಾನಲ್ಲ!" ಎಂದರು ದಂತವೈದ್ಯರು, ಎರಡೂ ಕೈ ಮೇಲೆತ್ತಿ.

"ಡಾಕ್ಟ್ರೇ, ಎಡಗೈ ನೋಡ್ಕೊಳ್ಳಿ," ಎಂದ ಡ್ರಮ್ಸಿನವನು.

ನನ್ನ ಗಂಡ ಸುಮ್ಮನಿದ್ದಿದ್ದರೆ ಕುರ್ಚಿ ಉಳಿಯುತ್ತಿತ್ತು, ದಂತವೈದ್ಯರ ಎಡಗೈಯ ಮರ್ಯಾದೆ ಅಲ್ಲಿಗೇ ಮುಗಿಯುತ್ತಿತ್ತು. ಅವರು ಒಮ್ಮೆ ಕಾಫಿ ಮೆಶಿನ್ನಿನ ಪೆಟ್ಟಿಗೆಯನ್ನು ನೋಡಿದರು, ಒಮ್ಮೆ ನನ್ನನ್ನು ನೋಡಿದರು. ಆಮೇಲೆ ಎದ್ದು ನಿಂತರು.

"ಅದು ನಂದು," ಎಂದರು.

ಸೀಟಿ ಸಾಹೇಬರು ಬಾಯಿಂದ ಸ್ಯಾಕ್ಸೊಫೋನ್ ತೆಗೆದರು. "ನಿಮ್ದಾ?"

"ನಂದೇ. ತಪ್ಪಾಯ್ತು."

"ನಿಮ್ದು ಕೇಳಿಸ್ತಲ್ರೀ!" ಎಂದರು ಸೀಟಿ ಸಾಹೇಬರು. ಅವರ ಮುಖ ಅರಳಿತ್ತು. "ಆ ಮೂಲೆವರೆಗೂ ಕೇಳಿಸ್ತು! ಇರ್ಲಿ, ಇರ್ಲಿ. ಈ ತಡೆತಡೆದು ಬಾರಿಸೋದನ್ನ ಎಲ್ಲಿ ಕಲಿತ್ರಿ?"

"ಮನೇಲಿ," ಎಂದರು ನನ್ನ ಗಂಡ.

"ನಾನು ಮೂವತ್ತು ವರ್ಷ ಸರ್ಕಲ್ಲಲ್ಲಿ ನಿಂತೋನು. ಗಾಡಿ ಬಿಡೋದು ಯಾರಿಗೂ ಬರತ್ತೆ, ನಿಲ್ಸೋದು ಕಷ್ಟ. ಹಿಂಗೇ ಬಾರಿಸಿ. ಗೊತ್ತಿಲ್ಲದ ಕಡೆ ಮಾತ್ರ ನುಗ್ಬೇಡಿ." ಅವರು ಸಭಾಭವನದವರ ಕಡೆ ತಿರುಗಿ, ಒಂದು ಕೈ ಚಾಚಿ, ಇನ್ನೊಂದು ಕೈಯನ್ನು ಬಾಗಿಲ ಕಡೆ ಬೀಸಿದರು. ಇಬ್ಬರು ಬಂದು ಕಾಫಿ ಮೆಶಿನ್ನಿನ ಪೆಟ್ಟಿಗೆಯನ್ನು ಎತ್ತಿಕೊಂಡು ಬಾಗಿಲ ಹತ್ತಿರ ಒಯ್ದರು.

ಈಗ ಶನಿವಾರ ಹಾಲ್‌ನಿಂದ ಬಂದ ಕೂಡಲೇ ನನ್ನ ಗಂಡ ಒಣಬಟ್ಟೆಯಿಂದ ತಂತಿಗಳನ್ನು ಒರೆಸುತ್ತಾರೆ, ಮೇಲಿನಿಂದ ಕೆಳಗಿನವರೆಗೆ, ತಂತಿಯ ಅಡಿಗೂ ಬಟ್ಟೆ ತೂರಿಸಿ. ದನಿ ಮಂಕಾಯಿತು ಎನ್ನಿಸಿದರೆ ಮಾವ ಸೊಸೆ ಸೇರಿ ಕುದಿಸುತ್ತಾರೆ. ಆಗ ಇಬ್ಬರೂ ಮಾಸ್ಕು ಹಾಕಿಕೊಳ್ಳುತ್ತಾರೆ. ಯಾಕೆ ಎಂದು ನಾನು ಕೇಳುವುದಿಲ್ಲ.

ನಮಗೆ ಹೋದದ್ದು ಅರ್ಧ ಡಬ್ಬಿ ಬೆಣ್ಣೆ, ಮೊಟ್ಟೆ ಬೇಯಿಸುವ ಒಂದು ಪಾತ್ರೆ, ಕೇಕು ಕೊಳ್ಳದೆ ಹೋದ ಒಬ್ಬ ಗಿರಾಕಿ, ಮತ್ತೆ ನನ್ನ ಗಂಡ ಹನ್ನೊಂದು ವರ್ಷ ಬಾರಿಸಿದ ಅರ್ಧದಷ್ಟು ಸ್ವರಗಳು. ಅವು ಎಲ್ಲಿ ಹೋದವೆಂದು ಈವರೆಗೆ ಯಾರೂ ಕೇಳಿಲ್ಲ. ಕುರ್ಚಿ ಉಳಿಯಿತು.